‘ನನ್ನ ತಾಯಿ’ಯ ಕಚ್ಚಾ ಪ್ರತಿ

ಪ್ರಬಂಧದ ವಿಷಯದಲ್ಲಿ ಮಾಲಾ ಟೀಚರ್ ಬಹಳ ಕೆಟ್ಟವರು ಎಂದು ನನ್ನ ವಿದ್ಯಾರ್ಥಿಗಳು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ನನಗೇನು. ಬೆಳಗಾವಿಯ ಸದಾಶಿವನಗರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಪೆನ್ನಿನ ಟೊಪ್ಪಿಗೆ ತೆಗೆದ ಕೂಡಲೇ ‘ಪೀಠಿಕೆ’ ಎಂದು ಬರೆದು ಅದರ ಕೆಳಗೆ ಸ್ಕೇಲ್ ಇಟ್ಟು ಗೆರೆ ಎಳೆಯುವ ಮಕ್ಕಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಒಳಗೆ ಏನಿದೆ ಎಂದೇ ಗೊತ್ತಿಲ್ಲದೆ ಪೀಠಿಕೆ ಯಾತಕ್ಕೆ? ಮೊದಲು ಮನಸ್ಸಿಗೆ ಬಂದದ್ದನ್ನೆಲ್ಲ ಒಂದು ಹಾಳೆಯ ಮೇಲೆ ಸುರಿಯಬೇಕು, ಹಸನು ಮಾಡುವ ಮುಂಚೆ ಜೋಳವನ್ನು ಮೊರಕ್ಕೆ ಸುರಿದ ಹಾಗೆ. ಆಮೇಲೆ ಕಸ ಆರಿಸಿ, ಯಾವುದು ಮೊದಲು ಯಾವುದು ನಂತರ ಎಂದು ಹಂದರ ಹಾಕಬೇಕು. ಆಮೇಲೆ ಕಚ್ಚಾ ಪ್ರತಿ. ಯಾರ ಬಗ್ಗೆ ಬರೆದಿದ್ದೇವೋ ಅವರು ಬದುಕಿದ್ದರೆ ಅದನ್ನು ಅವರಿಗೇ ಓದಿ ಹೇಳಬೇಕು. ಅವರು ‘ಹೌದು’ ಎಂದ ಮೇಲೆ ತಿದ್ದಿ ತೀಡಿ ಫೇರ್ ಕಾಪಿ. ಒಮ್ಮೆ ನನ್ನ ಕ್ಲಾಸಿನ ಒಬ್ಬ ಮಹಾನುಭಾವ ಕೃಷ್ಣೆಗೆ ಸೇರುವ ನಮ್ಮ ಮಲಪ್ರಭೆಯನ್ನು ಹರಿಸಿಕೊಂಡು ಹೋಗಿ ಅರಬ್ಬೀ ಸಮುದ್ರಕ್ಕೆ ಕೂಡಿಸಿದ್ದ. ಅಷ್ಟು ಚೆಂದದ ಅಕ್ಷರದ ಪುಟವನ್ನು ಮೇಲಿಂದ ಕೆಳಗೆ ಕೆಂಪು ಪೆನ್ನಿನಿಂದ ಹೊಡೆದು ಹಾಕಿದ್ದೆ. ಖರೇ ಅಲ್ಲದ್ದು ಎಷ್ಟು ಚೆಂದ ಇದ್ದರೂ ನನ್ನ ಕೈಯಲ್ಲಿ ಉಳಿಯುವುದಿಲ್ಲ.

ಇಂಥ ನನಗೆ ನನ್ನ ಮಗಳೇ ಒಂದು ಪ್ರಬಂಧ ತಂದು ಕೊಟ್ಟಳು.

ಅದಕ್ಕೆ ಮುಂಚೆ ಒಂದು ಮಾತು ಹೇಳಬೇಕು. ನನ್ನ ಮಗಳು ಸಮೃದ್ಧಿ ನನ್ನನ್ನು ‘ವೈನಿ’ ಎಂದು ಕರೆಯುತ್ತಾಳೆ. ವೈನಿ ಅಂದರೆ ಅತ್ತಿಗೆ. ಹೊರಗಿನವರು ನಗುತ್ತಾರೆ, ನಮ್ಮ ಕಡೆಯವರು ನಗುವುದಿಲ್ಲ. ಕೂಡು ಮನೆಯಲ್ಲಿ ಹುಟ್ಟಿದ ಕೂಸು ದೊಡ್ಡವರು ಯಾರನ್ನು ಏನೆಂದು ಕೂಗುತ್ತಾರೋ ಅದನ್ನೇ ಕಲಿಯುತ್ತದೆ. ನಮ್ಮ ಮನೆಯವರು ತಮ್ಮ ಅಪ್ಪನನ್ನು ಕೊನೆಯತನಕ ‘ಅಣ್ಣಾ’ ಎಂದೇ ಕರೆದರು. ಖಾನಾಪುರದ ನಮ್ಮ ಮನೆಯಲ್ಲಿ ಮೈದುನಂದಿರು ನನ್ನನ್ನು ವೈನಿ ಎಂದರು, ಕೂಸೂ ವೈನಿ ಎಂದಿತು. ಅವರೆಲ್ಲ ನಮ್ಮ ಅತ್ತೆ ರೇಣವ್ವನನ್ನು ‘ಅವ್ವಾ’ ಎಂದರು, ಕೂಸೂ ಅವ್ವಾ ಎಂದಿತು. ಅಲ್ಲಿಗೆ ನನ್ನ ಪಾಲಿನದು ಹೋಯಿತು.

ಕೂಸು ಬೆಳೆದದ್ದೂ ಅಲ್ಲೇ. ನಮ್ಮವರದು ಲೈನ್‌ಮನ್ ಕೆಲಸ. ಹೆಸರು ಕಲ್ಮೇಶ, ಬರೆಯುವಾಗ ಹೇಳಬಹುದಲ್ಲ, ಬಾಯಿಂದ ಹೇಳಿದರೆ ಅತ್ತೆ ಕಣ್ಣು ಬಿಡುತ್ತಾರೆ. ಗಾಳಿ ಮಳೆ ಬಂದರೆ ಎಲ್ಲರೂ ಮನೆಗೆ ಬರುತ್ತಾರೆ, ಇವರು ಮನೆಯಿಂದ ಹೊರಡುತ್ತಾರೆ. ನನಗೆ ಆಗತಾನೇ ಸಾಲಿಯಲ್ಲಿ ಕಲಿಸುವ ಕೆಲಸ ಸಿಕ್ಕಿತ್ತು. ಆಗ ಅನಗೋಳದಲ್ಲಿ ಒಂದೇ ಖೋಲಿಯ ಬಾಡಿಗೆ ಮನೆ. ಕೂಸನ್ನು ಯಾರ ಕೈಯಲ್ಲಿ ಬಿಡುವುದು? ಹಾಲು ಐತಿ, ಮಂದಿ ಅದಾರ, ಕೂಸಿನ್ನ ಇಲ್ಲೇ ಬಿಡ್ರಿ ಎಂದರು ಅತ್ತೆ. ಬಿಟ್ಟೆವು. ಶನಿವಾರ ಸಾಲಿ ಬಿಟ್ಟ ಕೂಡಲೇ ಖಾನಾಪುರದ ಬಸ್ಸು ಹತ್ತುತ್ತಿದ್ದೆ, ಸೋಮವಾರ ನಸುಕಿಗೆ ತಿರುಗಿ ಬರುತ್ತಿದ್ದೆ. ನಾನು ಹೊರಡುವಾಗ ಅವಳು ಅಳುತ್ತಿರಲಿಲ್ಲ. ಅವ್ವನ ಸೊಂಟದ ಮೇಲೆ ಕೂತು ಕೈ ಬೀಸುತ್ತಿದ್ದಳು. ಅಳದ ಮಕ್ಕಳನ್ನು ಬಿಟ್ಟು ಹೋಗುವುದು ಸುಲಭ ಎಂದು ಯಾರಾದರೂ ಅಂದರೆ ಅವರನ್ನು ನನ್ನ ಹತ್ತಿರ ಕಳಿಸಿರಿ.

ಐದನೆಯ ತರಗತಿ ಮುಗಿಸಿ ಅವಳು ಅನಗೋಳಕ್ಕೆ ಬಂದಳು. ಈಗ ಒಂಬತ್ತನೆಯ ತರಗತಿ, ಹಿಂದವಾಡಿಯ ಸಾಲಿ. ನನ್ನ ಹಾಗೇ ಮೂಗಿನ ತುದಿಗೆ ಸಿಟ್ಟು. ಊಟ ಮಾಡುತ್ತಾಳೆ, ಅಭ್ಯಾಸ ಮಾಡುತ್ತಾಳೆ, ತಲೆ ಬಾಚಿಸಿಕೊಳ್ಳುತ್ತಾಳೆ, ನಗುತ್ತಾಳೆ. ಆದರೆ ಸೂಟಿ ಬಂತೆಂದರೆ ಖಾನಾಪುರಕ್ಕೆಂದು ಚೀಲ ಹಿಡಿದು ಬಾಗಿಲಲ್ಲಿ ನಿಂತಿರುತ್ತಾಳೆ. ನಾನೂ ಸುಮ್ಮನೆ ಚೀಲದಲ್ಲಿ ಸಿಹಿ ಕುಂದಾದ ಡಬ್ಬಿ ಇಟ್ಟು ಕಳಿಸುತ್ತೇನೆ.

ಅವಳ ಸಾಲಿಯಲ್ಲಿ ಈ ವರ್ಷ ಗ್ಯಾದರಿಂಗ್‌ಗೆ, ಅಂದರೆ ವಾರ್ಷಿಕೋತ್ಸವಕ್ಕೆ, ಒಂದು ಹೊಸ ಕಾರ್ಯಕ್ರಮ ಇಟ್ಟಿದ್ದರು. ಒಂಬತ್ತನೆಯ ತರಗತಿಯವರು ‘ನನ್ನ ತಾಯಿ’ ಎಂಬ ಪ್ರಬಂಧ ಬರೆಯಬೇಕು. ಒಳ್ಳೆಯದನ್ನು ಆರಿಸಿ ಸ್ಟೇಜಿನ ಮೇಲೆ ಓದಿಸುತ್ತಾರೆ. ಓದುವ ಹುಡುಗಿಯ ತಾಯಿಯನ್ನು ಅಲ್ಲೇ ಖುರ್ಚಿ ಹಾಕಿ ಕೂರಿಸಿ, ಶಾಲು ಹೊದಿಸಿ ಸತ್ಕಾರ ಮಾಡುತ್ತಾರೆ. ಸುದ್ದಿ ತಂದ ಸಂಜೆ ಸಮೃದ್ಧಿ ನನ್ನ ಮುಂದೆ ಹಾಳೆ ಹಿಡಿದು ಕೂತಳು. ಪ್ರಬಂಧ ಹೇಗೆ ಬರೆಯುವುದು, ನಿನ್ನ ಸಾಲಿ ಹುಡುಗರಿಗೆ ಹೇಳಿಕೊಟ್ಟ ಹಾಗೇ ನನಗೂ ಹೇಳಿಕೊಡು ಎಂದಳು. ಕೂಸು ಹುಟ್ಟುವ ಮೊದಲೇ ಕುಲಾಯಿ ಹೊಲಿಸಿದಂತೆ, ಆ ಖುರ್ಚಿಯಲ್ಲಿ ಕೂರಲು ಯಾವ ಸೀರೆ ಉಡಲಿ ಎಂದು ನಾನು ಆಗಲೇ ಯೋಚನೆ ಶುರು ಮಾಡಿದ್ದೆ. ಹಸಿರು ಇಳಕಲ್ ಸೀರೆಗೆ ಇಸ್ತ್ರಿ ಮಾಡಿಸಬೇಕು ಎಂದೂ ನಿರ್ಧಾರವಾಗಿತ್ತು.

ನಾನು ರೊಟ್ಟಿ ಬಡಿಯುತ್ತಿದ್ದೆ. ಈ ಹಿಟ್ಟು ಮುಗಿಯುವ ತನಕ ಪೆನ್ನು ಎತ್ತಬೇಡ, ಒಳ್ಳೆಯದು ಕೆಟ್ಟದ್ದು ನೋಡಬೇಡ, ತಾಯಿ ಅಂದ ಕೂಡಲೇ ಏನು ಬರುತ್ತದೋ ಬರಿ ಎಂದೆ. ಅವಳು ನೆಲಕ್ಕೆ ಬೋರಲು ಮಲಗಿ ಬರೆದೇ ಬರೆದಳು. ಬೇಕೆಂದೇ ನಾನು ಕೊನೆಯ ರೊಟ್ಟಿಗಳನ್ನು ನಿಧಾನ ಬಡಿದೆ. ಪಾಪ, ಬರೆಯಲಿ, ಬಹಳ ಇರುತ್ತದೆ ಎಂದು.

ಕೈ ತೊಳೆದು ಹಾಳೆ ತೆಗೆದುಕೊಂಡೆ. ನಸುಕಿನಲ್ಲಿ ಎದ್ದು ಹುರಿದ ತಂಬಾಕಿನ ಪುಡಿ ಹಲ್ಲಿಗೆ ತಿಕ್ಕುತ್ತ ಕುರಿ ಹಟ್ಟಿಯ ಮುಂದೆ ಕೂರುವುದು ಇತ್ತು. ಮೊಣಕೈತನಕ ಹಚ್ಚೆ ಇತ್ತು. ಮರಿ ಹಾಕಿದ ಕುರಿಯನ್ನು ಬಾಣಂತಿಯಂತೆ ಮಾತಾಡಿಸುವುದು, ಬಾಜು ಮನೆಯ ಮರಾಠಿ ಮಾಮಿಯ ಜೊತೆ ಇವಳು ಕನ್ನಡದಲ್ಲೂ ಅವಳು ಮರಾಠಿಯಲ್ಲೂ ಜಗಳಾಡಿ ಸಂಜೆಗೆ ಮತ್ತೆ ಮೊಸರು ಕೊಟ್ಟು ತಗೊಂಡು ಮಾಡುವುದು, ಮೊಮ್ಮಕ್ಕಳಿಗೆ ಕಾಣದಂತೆ ಅಕ್ಕಿಯ ಡಬ್ಬಿಯಲ್ಲಿ ಕುಂದಾ ಮುಚ್ಚಿಡುವುದು, ಎಲ್ಲ ಇತ್ತು. ಆ ಕುಂದಾ ನಾನು ಕಳಿಸಿದ್ದು. ಹಾಳೆ ತಿರುವಿದೆ. ಹಿಂದೆ ಏನೂ ಇರಲಿಲ್ಲ.

ಇದು ನಿಮ್ಮ ಅಜ್ಜಿಯ ಬಗ್ಗೆ ಅಲ್ಲವೇನು ಎಂದು ಕೇಳಿದೆ. ದನಿ ಸರಿ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ.

ಅವಳು ತಲೆ ಎತ್ತಿ ನೋಡಿದಳು. ಆ ಮುಖದಲ್ಲಿ ಕುಚೋದ್ಯ ಇರಲಿಲ್ಲ, ನನ್ನನ್ನು ನೋಯಿಸಬೇಕೆಂಬುದೂ ಇರಲಿಲ್ಲ. “ನಾ ಅಕೀಗೆ ಅವ್ವ ಅಂತೀನಲಾ ವೈನಿ,” ಎಂದಳು. “ಪ್ರಮಿಳಾ ಟೀಚರ್‌ಗೆ ಕೇಳೇನಿ. ಯಾರು ನಿನ್ನ ಸಾಕ್ಯಾರೋ ಅವರ ಬಗ್ಗೆ ಬರಿ ಅಂದ್ರು.”

ಪ್ರಮಿಳಾ ಅವಳ ಕನ್ನಡ ಟೀಚರ್, ನನ್ನ ಜೊತೆಯೇ ಬಿ.ಎಡ್. ಮಾಡಿದವಳು. ಅವಳಿಗೆ ಮನಸ್ಸಿನಲ್ಲೇ ನಾಲ್ಕು ಬೈದೆ. ಆಮೇಲೆ ರೊಟ್ಟಿಯ ಬುಟ್ಟಿ ಮುಚ್ಚಿಟ್ಟು ಬಂದು ಮಗಳ ಬಾಜು ಕೂತೆ. ಏನು ಮಾಡಲಿ ಹೇಳಿ. ನಾನು ಪ್ರಬಂಧ ಕಲಿಸುವವಳು. ಮುಂದೆ ಕೂತ ಹುಡುಗಿ ಮೊರದ ತುಂಬ ಒಳ್ಳೆಯ ಕಾಳು ಸುರಿದಿದ್ದಾಳೆ, ಅದು ನನ್ನ ಹೊಲದ್ದಲ್ಲ ಎಂದು ಒದೆಯಲಿಕ್ಕೆ ಆಗುತ್ತದೆಯೇ?

ಮುಂದಿನ ದಿನಗಳಲ್ಲಿ ಹಂದರ ಹಾಕಿದೆವು. ಹಾಳೆಯನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ, ಒಂದೊಂದು ಸಂಗತಿ ಒಂದೊಂದು ಪಟ್ಟಿಯಲ್ಲಿ, ಚಾಪೆಯ ಮೇಲೆ ಹಿಂದೆ ಮುಂದೆ ಜರುಗಿಸುವುದು ನನ್ನ ಪದ್ಧತಿ. ಫ್ಯಾನ್ ಹಾಕಿದರೆ ಎಲ್ಲ ಹಾರಿಹೋಗುತ್ತವೆ. ನಮ್ಮವರು ಕೆಲಸದಿಂದ ಬಂದು, ಬೆವರು ಒರೆಸಿಕೊಳ್ಳುತ್ತ, ಈ ಮನೆಯಲ್ಲಿ ಕರೆಂಟ್ ಇದ್ದೂ ಉಪಯೋಗವಿಲ್ಲ ಎಂದು ಗೊಣಗಿದರು. ಆಮೇಲೆ ತಾವೂ ಚಾಪೆಯ ಅಂಚಿಗೆ ಕೂತು ಎಲ್ಲ ಪಟ್ಟಿಗಳನ್ನೂ ಓದಿದರು. ಓದಿ ನನ್ನ ಮುಖ ನೋಡಿದರು. ಅವರಿಗೆ ತಿಳಿಯಿತು. ಸುಮ್ಮನೆ ಎದ್ದು ಹೋಗಿ ಎಂದೂ ಇಲ್ಲದವರು ಅಂದು ಚಹಾ ಮಾಡಿಕೊಂಡು ಬಂದರು. ಸಕ್ಕರೆ ಹಾಕುವುದನ್ನು ಮರೆತಿದ್ದರು, ಹಾಗೆಯೇ ಕುಡಿದು ಮುಗಿಸಿದೆ.

ಹೊಟ್ಟೆಕಿಚ್ಚು ಪಟ್ಟೆನೇ? ಪಟ್ಟೆ, ಸುಳ್ಳು ಯಾಕೆ ಹೇಳಲಿ. ಅತ್ತೆಯ ಮೇಲೆ ಅಲ್ಲ, ಅವರ ಉಪಕಾರ ನನಗೆ ಗೊತ್ತಿದೆ. ಆದರೆ ಆ ಪಟ್ಟಿಗಳ ಸಾಲಿನಲ್ಲಿ ಒಂದಾದರೂ, ಸಣ್ಣದಾದರೂ, ನನ್ನದೊಂದು ಇರಬಾರದೇ ಎಂದು ಕಣ್ಣು ಹುಡುಕುತ್ತಲೇ ಇತ್ತು. ಶಾಲೂ ಬೇಡ, ಖುರ್ಚಿಯೂ ಬೇಡ. ಈ ಹುಡುಗಿಯ ನೆನಪಿನಲ್ಲಿ ನಾನು ಎಲ್ಲಾದರೂ ಇದ್ದೇನೆಯೇ ಎಂಬುದಷ್ಟೇ ನನಗೆ ಬೇಕಾಗಿತ್ತು.

ಶುಕ್ರವಾರ ಅವಳು ಕಚ್ಚಾ ಪ್ರತಿ ತಂದು ಕೊಟ್ಟು ಆಡಲು ಹೋದಳು. ಕೆಂಪು ಪೆನ್ನು ತೆಗೆದುಕೊಂಡು ಕೂತೆ. ಮೊದಲ ಪುಟ ಚೆನ್ನಾಗಿತ್ತು. ಎರಡನೆಯ ಪುಟದ ನಡುವೆ ಈ ಪ್ಯಾರಾ ಬಂತು:

“ನಾನು ಸಣ್ಣವಳಿದ್ದಾಗ ನನಗೆ ಜೋರು ಜ್ವರ ಬಂದಿತ್ತು. ಹೊರಗೆ ಮಳೆ, ಕರೆಂಟ್ ಇರಲಿಲ್ಲ. ಅವ್ವ ನನ್ನನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡು, ಹಣೆಯ ಮೇಲೆ ಹಸಿ ಬಟ್ಟೆ ಇಟ್ಟಿದ್ದಳು. ಹಾಡು ಹೇಳು ಎಂದು ಹಟ ಮಾಡಿದೆ. ಅವಳಿಗೆ ಅವತ್ತು ಯಾವ ಹಾಡೂ ನೆನಪಾಗಲಿಲ್ಲವೆಂದು ಕಾಣುತ್ತದೆ, ಮಗ್ಗಿ ಹೇಳಲು ಶುರು ಮಾಡಿದಳು. ಸಂಖ್ಯೆಗಳು ದೊಡ್ಡದಾದಂತೆ ಅವಳ ದನಿ ಸಣ್ಣದಾಗುತ್ತಿತ್ತು. ನಡುವೆ ಎಲ್ಲೋ ತಪ್ಪಿದಳು, ಮತ್ತೆ ಮೊದಲಿನಿಂದ ಹೇಳಿದಳು. ಅವಳು ಅಳುತ್ತಿದ್ದಳು ಎಂದು ನನಗೆ ಗೊತ್ತಾಗಿತ್ತು, ಏಕೆಂದರೆ ಹಣೆಯ ಮೇಲೆ ಬಿದ್ದ ಹನಿ ಬಿಸಿಯಾಗಿತ್ತು. ಆ ಕೈ ಹಣೆಯ ಮೇಲಿದ್ದರೆ ನನಗೆ ಏನೂ ಆಗುವುದಿಲ್ಲ ಎಂದು ಅನಿಸಿತು. ಈಗಲೂ ಹೆದರಿಕೆಯಾದಾಗ ನಾನು ನೆನೆಸುವುದು ಆ ಕೈಯನ್ನು.”

ನಮ್ಮ ಅತ್ತೆ ಸಾಲಿಯ ಮೆಟ್ಟಿಲು ಹತ್ತಿದವರಲ್ಲ. ಅವರಿಗೆ ಹಾಡು ಬರುತ್ತವೆ, ರಾತ್ರಿ ಬೆಳಗು ಹಾಡಿದರೂ ಮುಗಿಯದಷ್ಟು. ಮಗ್ಗಿ ಬರುವುದಿಲ್ಲ. ಆ ವಾರ ಅವರು ಮನೆಯಲ್ಲಿ ಇರಲೇ ಇಲ್ಲ. ಮಗಳ ಬಾಣಂತನಕ್ಕೆಂದು ನಂದಗಡಕ್ಕೆ ಹೋಗಿದ್ದರು. ಕೂಸಿಗೆ ಜ್ವರ ಎಂದು ಮೈದುನ ಬೀರಣ್ಣ ಫೋನ್ ಮಾಡಿದಾಗ ನಾನು ಪಾಠ ಅರ್ಧಕ್ಕೆ ಬಿಟ್ಟು ಓಡಿ ಹೋಗಿದ್ದೆ. ಹಾಡು ಹೇಳು ಎಂದು ಅವಳು ಅಳುವಾಗ ನನಗೆ ಒಂದೂ ಹಾಡು ಬರಲಿಲ್ಲ. ಬಂದದ್ದು ಮಗ್ಗಿ ಮಾತ್ರ.

ಆ ಕೈ ನನ್ನದು.

ಕತ್ತಲಲ್ಲಿ, ಜ್ವರದಲ್ಲಿ, ಕಂಬಳಿಯೊಳಗಿದ್ದ ಕೂಸಿಗೆ ತೊಡೆ ಅಂದರೆ ಅವ್ವನದೇ. ಖಾನಾಪುರದ ಮನೆಯಲ್ಲಿ ಬೇರೆ ಯಾರ ತೊಡೆಯೂ ಅವಳಿಗೆ ಗೊತ್ತಿರಲಿಲ್ಲ. ನೆನಪು ಅಷ್ಟು ವರ್ಷ ಅದೇ ಹೆಸರಿನಲ್ಲಿ ಬೆಳೆದಿತ್ತು. ಹುಚ್ಚಿಯ ಹಾಗೆ ಆ ಪ್ಯಾರಾವನ್ನು ಎಷ್ಟು ಸಲ ಓದಿದೆನೋ. ಹುಡುಕಿದ್ದು ಸಿಕ್ಕಿತ್ತು. ಸಿಕ್ಕಿದ್ದು ಬೇರೆಯವರ ಹೆಸರಿನಲ್ಲಿತ್ತು. ಅದು ನಾನ ಇದ್ದೆ ಯವ್ವಾ, ಎಂದು ಆಟದ ಬಯಲಿಗೆ ಓಡಿಹೋಗಿ ಕೂಗಬೇಕು ಎನಿಸಿತು. ಅತ್ತೆಗೆ ಮಗ್ಗಿ ಬರುವುದಿಲ್ಲ ಎಂಬ ಒಂದು ಮಾತು ಅಂಚಿನಲ್ಲಿ ಬರೆದರೂ ಸಾಕಿತ್ತು. ಖರೇ ಅಲ್ಲದ್ದನ್ನು ಹೊಡೆದು ಹಾಕುವ ಪೆನ್ನು ಕೈಯಲ್ಲೇ ಇತ್ತು. ನಾನು ‘ಜ್ವರ’ದ ಒತ್ತು ಸರಿ ಮಾಡಿ, ಒಂದು ಕಡೆ ಅಲ್ಪವಿರಾಮ ಹಾಕಿ, ಪುಟ ತಿರುವಿದೆ.

ಹೇಳಬಾರದೆಂದು ನಿರ್ಧಾರ ಮಾಡಿದೆ. ಆದರೆ ನನ್ನ ಪದ್ಧತಿಯೇ ನನಗೆ ಮುಳುವಾಯಿತು. ಯಾರ ಬಗ್ಗೆ ಬರೆದಿದ್ದೀಯೋ ಅವರಿಗೆ ಓದಿ ಹೇಳಬೇಕು ಎಂದು ಕಲಿಸಿದವಳು ನಾನೇ. ಈ ಸಲ ಅದೇನೂ ಬೇಕಾಗಿಲ್ಲ, ವೇಳೆ ಇಲ್ಲ ಎಂದು ನೋಡಿದೆ. ನಿನ್ನ ಸಾಲಿ ಹುಡುಗರಿಗೊಂದು ನ್ಯಾಯ ನನಗೊಂದು ನ್ಯಾಯ ಏನು ಎಂದು ಅವಳು ತಿರುಗಿ ಬಿದ್ದಳು. ಊರಿಗೆಲ್ಲ ಬುದ್ಧಿ ಹೇಳುವವರ ಮನೆಯಲ್ಲಿ ಹೀಗೇ ಆಗುವುದು.

ಭಾನುವಾರ ಖಾನಾಪುರಕ್ಕೆ ಹೋದೆವು. ನಮ್ಮ ಮನೆ ಊರ ಅಂಚಿಗೆ, ಹಂಚಿನ ಭಟ್ಟಿಗಳ ಆಚೆ. ಬೀರಣ್ಣ ಕುರಿ ಹೊಡೆದುಕೊಂಡು ಹೊರಗೆ ಹೋಗಿದ್ದ, ಅವನ ಹೆಂಡತಿ ಹೊಳೆಗೆ ಬಟ್ಟೆ ಒಯ್ದಿದ್ದಳು. ಅತ್ತೆ ಅಂಗಳದಲ್ಲಿ ಕಂಬಳಿ ಹಾಸಿ ನಮ್ಮನ್ನು ಕೂರಿಸಿದರು. ಸಮೃದ್ಧಿ ಎದುರಿಗೆ ನಿಂತು ಓದಲು ಶುರು ಮಾಡಿದಳು. ಅತ್ತೆಗೆ ಖುಷಿಯೋ ಖುಷಿ. ತಂಬಾಕಿನ ಪುಡಿಯ ಮಾತು ಬಂದಾಗ ಸೆರಗು ಬಾಯಿಗೆ ಹಿಡಿದು ನಕ್ಕರು. ಮರಾಠಿ ಮಾಮಿಯ ಜಗಳ ಬಂದಾಗ, ಅಕಿಗಿ ಕೇಳಿಸೀತು, ಸಣ್ಣಗ ಓದು ಎಂದರು. ಕುಂದಾದ ಗುಟ್ಟು ಬಯಲಾದಾಗ ನನ್ನ ಬೆನ್ನಿಗೊಂದು ಗುದ್ದಿದರು. ತನ್ನನ್ನು ಯಾರಾದರೂ ಇಷ್ಟು ನೋಡಿದ್ದಾರೆ ಎಂದು ಆ ಮುದುಕಿಗೆ ಗೊತ್ತೇ ಇರಲಿಲ್ಲ. ಕಣ್ಣು ತುಂಬಿಕೊಂಡಿದ್ದವು. ನಾನು ಆಗ ಖರೇನೇ ಸಂತೋಷಪಟ್ಟೆ. ಈ ಖುರ್ಚಿ ಇವರದೇ ಎಂದು ಮನಸ್ಸು ಒಪ್ಪಿತು.

ಆಮೇಲೆ ಜ್ವರದ ಪ್ಯಾರಾ ಬಂತು.

ಅತ್ತೆಯ ನಗು ನಿಂತಿತು. ಮಗ್ಗಿ ಎಂಬ ಮಾತು ಬಂದ ಕೂಡಲೇ ನನ್ನ ಕಡೆ ತಿರುಗಿ ನೋಡಿದರು. ನಾನು ಸಣ್ಣಗೆ ತಲೆ ಅಲ್ಲಾಡಿಸಿದೆ, ಬೇಡ ಎಂದು. ಪ್ಯಾರಾ ಮುಗಿದ ಕೂಡಲೇ ಅವರು ಕೈ ಎತ್ತಿ ನಿಲ್ಲಿಸಿದರು.

“ಇದು ನಾ ಅಲ್ಲ ಯವ್ವಾ. ನನಗ ಮಗ್ಗಿ ಎಲ್ಲಿಂದ ಬರಬೇಕು? ನಾ ಆಗ ನಂದಗಡದಾಗ ನಿಮ್ಮ ಅತ್ತಿ ಬಾಣಂತನಕ್ಕ ಹೋಗಿದ್ದೆ. ಅದು ನಿಮ್ಮ ವೈನಿ. ನಾ ತಿರಿಗಿ ಬಂದಾಗ ನೀ ಇನ್ನಾ ಅಕಿ ತೊಡಿ ಮ್ಯಾಲ ಇದ್ದಿ, ಅಕಿ ಉಂಡಿದ್ದಿಲ್ಲ, ಮಲಗಿದ್ದಿಲ್ಲ.” ನಡುವೆ ಉಸಿರು ತೆಗೆದುಕೊಂಡರು. “ನಾ ಮಾಡಿದ್ದು ನನಗ ರಗಡ ಐತಿ. ಮತ್ತೊಬ್ಬಾಕಿದು ತಂದು ನನ್ನ ಉಡ್ಯಾಗ ಹಾಕಬ್ಯಾಡ.”

ಸಮೃದ್ಧಿ ಹಾಳೆ ಹಿಡಿದುಕೊಂಡು ನಿಂತಳು. ಒಮ್ಮೆ ಅತ್ತೆಯನ್ನು, ಒಮ್ಮೆ ನನ್ನನ್ನು ನೋಡಿದಳು. ಹಾಳೆ ಮಡಚಿ ಹಟ್ಟಿಯ ಕಡೆ ಹೋದಳು. ನನಗೆ ಅತ್ತೆಯ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಸುಮ್ಮನಿರಿ ಎಂದು ಸನ್ನೆ ಮಾಡಿದರೂ ಯಾಕೆ ಹೇಳಿದಿರಿ, ಹುಡುಗಿಯ ಪ್ರಬಂಧ ಕೆಡಿಸಿದಿರಿ ಎಂದು ರೇಗಿದೆ. ಅವರು ನನಗಿಂತ ಮೇಲೆ ರೇಗಿದರು. ನೀನು ಬಾಯಿ ಮುಚ್ಚಿಕೊಂಡಿದ್ದೀ ಎಂದು ನಾನೂ ಕಳ್ಳಿಯಾಗಲೇನು ಎಂದರು. ಇಬ್ಬರೂ ಒಂದಿಷ್ಟು ಹೊತ್ತು ಮುಖ ತಿರುವಿ ಕೂತೆವು. ಆಮೇಲೆ ಅವರೇ ಎದ್ದು ಒಳಗೆ ಹೋಗಿ, ನನ್ನ ತಾಟಿಗೆ ಕೆನೆ ಮೊಸರು ಹಾಕಿಕೊಂಡು ಬಂದರು. ಮಗಳು ಊಟಕ್ಕೆ ಬಂದಳು, ಬೇಗ ಬೇಗ ಉಂಡು ಎದ್ದಳು.

ತಿರುಗಿ ಬರುವ ಬಸ್ಸಿನಲ್ಲಿ ಕಿಟಕಿಯ ಕಡೆ ಕೂತಿದ್ದಳು. ದೇಸೂರು ದಾಟುವ ತನಕ ಹೊರಗೇ ನೋಡಿದಳು. ಆಮೇಲೆ ಮುಖ ತಿರುಗಿಸದೆಯೇ ಕೇಳಿದಳು.

“ನೀ ಶುಕ್ರವಾರನ ಓದಿದ್ದಿ. ನಿನಗ ಗೊತ್ತಿತ್ತು. ಯಾಕ ಹೇಳಲಿಲ್ಲ?”

ಏನೇನೋ ಉತ್ತರ ಹೊಳೆದವು. ಪ್ರಬಂಧ ಚೆಂದ ಬಂದಿತ್ತು, ಕೆಡಿಸಬಾರದೆಂದು ಎನ್ನಬಹುದಿತ್ತು. ಮರೆತಿದ್ದೆ ಎನ್ನಬಹುದಿತ್ತು. ಆದರೆ ಖರೇ ಬರೆಯಬೇಕೆಂದು ಹುಡುಗಿಯ ಬೆನ್ನು ಹತ್ತಿದವಳು ನಾನೇ.

“ಹೇಳಿದ್ರ ಕೇಳಿ ಇಸಗೊಂಡಂಗ ಆಗ್ತಿತ್ತು,” ಎಂದೆ. “ಅದನ್ನ ಕೇಳಿ ಇಸಗೊಳ್ಳೂದು ನನಗ ಬ್ಯಾಡಾಗಿತ್ತು.”

ಬಸ್ಸು ಬೆಳಗಾವಿಗೆ ಬಂತು, ನಾವು ಇಳಿದೆವು, ಅನಗೋಳದ ಬಸ್ಸು ಹಿಡಿದೆವು.

ಫೇರ್ ಕಾಪಿಯನ್ನು ಅವಳು ನನಗೆ ತೋರಿಸಲಿಲ್ಲ. ಬಾಗಿಲು ಮುಂದೆ ಮಾಡಿಕೊಂಡು ಬರೆದಳು. ತಿದ್ದುವುದು ಬೇಡವೇನು ಎಂದು ಕೇಳಿದರೆ, ತಿದ್ದೇನಿ ಎಂದಷ್ಟೇ ಹೇಳಿದಳು. ನನ್ನ ತಲೆಯಲ್ಲಿ ಆ ಪ್ಯಾರಾ ಗಿರಣಿಯ ಹಾಗೆ ತಿರುಗುತ್ತಿತ್ತು. ‘ಅವ್ವ’ ತೆಗೆದು ‘ವೈನಿ’ ಎಂದು ಹಾಕಿದರೆ ಮುಗಿಯಿತಲ್ಲ, ಒಂದೇ ಮಾತಿನ ಬದಲಾವಣೆ. ಅಜ್ಜಿ ಸಾಕಿದಳು, ಜ್ವರ ಬಂದಾಗ ತಾಯಿ ಬಂದಳು ಎಂದು ಹೊಂದಿಸಿದರೆ ಪ್ರಬಂಧ ಇನ್ನೂ ಮೇಲಾಗುತ್ತದೆ. ಟೀಚರ್ ಬುದ್ಧಿ ಹೀಗೆ ಹೇಳುತ್ತಿತ್ತು. ತಾಯಿಯ ಬುದ್ಧಿ ಏನು ಹೇಳುತ್ತಿತ್ತು ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅವಳ ಪ್ರಬಂಧವೇ ಆಯ್ಕೆಯಾಗಿದೆ ಎಂದು ಪ್ರಮಿಳಾ ಫೋನ್ ಮಾಡಿ ಹೇಳಿದಾಗ, ಯಾವ ಪ್ಯಾರಾ ಇಷ್ಟವಾಯಿತು ಎಂದು ಕೇಳಲು ಬಾಯಿ ತುರಿಸಿತು. ನಾಲಿಗೆ ಕಚ್ಚಿಕೊಂಡು ಫೋನ್ ಇಟ್ಟೆ.

ಗ್ಯಾದರಿಂಗ್ ದಿನ ಅತ್ತೆಯನ್ನು ಬೀರಣ್ಣ ಕರೆತಂದು ಬಿಟ್ಟ. ಹಸಿರು ಇಳಕಲ್ ಸೀರೆಯನ್ನು ನಾನೇ ಅವರಿಗೆ ಉಡಿಸಿದೆ. ಬ್ಯಾಡ, ನನ್ನದು ಐತಿ ಎಂದು ಕೊಸರಾಡಿದರು, ನಾನು ಕೇಳಲಿಲ್ಲ. ಹಿಂದವಾಡಿಯ ಆ ಸಾಲಿಯ ಬಯಲಿನಲ್ಲಿ ಪೆಂಡಾಲ್ ಹಾಕಿದ್ದರು. ಅತ್ತೆ ಸ್ಟೇಜಿನ ಮೇಲಿನ ಖುರ್ಚಿಯಲ್ಲಿ, ಜಾರಿ ಬೀಳುತ್ತೇನೋ ಎಂಬಂತೆ ತುದಿಗೆ ಕೂತಿದ್ದರು. ಶಾಲು ಹೊದಿಸಿದಾಗ ಎರಡೂ ಕೈ ಎತ್ತಿ ಮಂದಿಗೆಲ್ಲ ನಮಸ್ಕಾರ ಮಾಡಿದರು. ನಾನೂ ನಮ್ಮವರೂ ಮೂರನೆಯ ಸಾಲಿನಲ್ಲಿ ಕೂತಿದ್ದೆವು. ಸಮೃದ್ಧಿ ಮೈಕಿನ ಮುಂದೆ ನಿಂತು ಓದಿದಳು. ತಂಬಾಕಿನ ಪುಡಿಗೆ ಮಂದಿ ನಕ್ಕರು, ಮರಾಠಿ ಮಾಮಿಯ ಜಗಳಕ್ಕೆ ಚಪ್ಪಾಳೆ ಹೊಡೆದರು. ಬೆಳಗಾವಿಯವರಿಗೆ ಆ ಜಗಳವೂ ಗೊತ್ತು, ಆ ಮೊಸರೂ ಗೊತ್ತು.

ಎರಡನೆಯ ಪುಟ ಬಂತು. ಮರಿ ಹಾಕಿದ ಕುರಿಯ ಮಾತು ಮುಗಿಯಿತು, ಇನ್ನು ಜ್ವರ. ಅವಳು ಒಂದು ಕ್ಷಣ ನಿಂತಳು. ಆಮೇಲೆ ಅಜ್ಜಿಯ ಹಚ್ಚೆಯ ಬಗ್ಗೆ ಓದಿದಳು, ಅವರ ಹಾಡುಗಳ ಬಗ್ಗೆ ಓದಿದಳು, ಕೊನೆಯ ಸಾಲು ಓದಿ ನಮಸ್ಕಾರ ಮಾಡಿದಳು. ಜ್ವರ ಬರಲಿಲ್ಲ. ಮಳೆ ಬರಲಿಲ್ಲ. ಆ ಕೈ ಅಜ್ಜಿಯದಾಗಿಯೂ ಬರಲಿಲ್ಲ, ನನ್ನದಾಗಿಯೂ ಬರಲಿಲ್ಲ.

ಮಂದಿ ಎದ್ದು ನಿಂತು ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ಬೇರೆಯವರ ಹೆಸರಿನಲ್ಲಾದರೂ ಇದ್ದದ್ದು ಈಗ ಯಾರ ಹೆಸರಿನಲ್ಲೂ ಇಲ್ಲವಾಯಿತಲ್ಲ ಎಂದು ಅನಿಸಿತು. ಎರಡು ವಾರ ಆಸೆ ಇಟ್ಟುಕೊಂಡು ತಿರುಗಿದ್ದಕ್ಕೆ ನನ್ನ ಮೇಲೆಯೇ ನನಗೆ ಸಿಟ್ಟು ಬಂತು. ನಮ್ಮವರು ಏನೋ ಹೇಳಲು ಬಂದರು, ಅವರಿಗೂ ಹೇಳಗೊಡಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಸಮೃದ್ಧಿ ಅಜ್ಜಿಯನ್ನು ಹೆಣ್ಣುಮಕ್ಕಳ ಗುಂಪಿಗೆ ಒಪ್ಪಿಸಿ ನನ್ನ ಹತ್ತಿರ ಬಂದಳು. ಹೆಂಗಾತು ಎಂದು ಕೇಳಿದಳು. ಚೆಂದಾತು ಎಂದು ಹೇಳಿ ಬಿಡಬೇಕಿತ್ತು. ನನ್ನ ಬಾಯಿ ಎಲ್ಲಿ ಕೇಳುತ್ತದೆ? ಇದ್ದದ್ದರಲ್ಲಿ ಅತ್ಯಂತ ಒಳ್ಳೆಯ ಪ್ಯಾರಾ ಅದು, ಅದನ್ನೇ ಹೊಡೆದು ಹಾಕಿದೆಯಲ್ಲ, ಪ್ರಬಂಧದ ಜೀವ ಅಲ್ಲಿತ್ತು, ಯಾರಿಗೂ ಬೇಡವಾಯಿತೇ ಅದು ಎಂದು ಒಂದೇ ಉಸಿರಿನಲ್ಲಿ ಅಂದೆ. ಟೀಚರ್ ಎಂದು ಅಂದದ್ದೋ ತಾಯಿ ಎಂದು ಅಂದದ್ದೋ, ನನಗೂ ತಿಳಿಯಲಿಲ್ಲ.

ಅವಳು ನನ್ನ ಮುಖವನ್ನೇ ನೋಡಿದಳು. ಅವಳಿಗೂ ಸಿಟ್ಟು ಬಂದಿತ್ತು. ಆದರೆ ಮಾತು ಬಂದಾಗ ದನಿ ಮೆತ್ತಗಿತ್ತು.

“ಅವ್ವಂದು ಎಲ್ಲಾ ಖಾನಾಪುರಕ್ಕ ಗೊತ್ತಿದ್ದದ್ದ. ಅದನ್ನ ಓದಿದೆ. ಆ ಕೈ ನಂದು, ವೈನಿ. ಅದನ್ನ ಯಾಕ ಮಂದಿ ಮುಂದ ಓದಲಿ?”

ನಾನು ಅಲ್ಲೇ, ಖುರ್ಚಿ ಎತ್ತುವವರ ಗದ್ದಲದ ನಡುವೆಯೇ, ಅವಳನ್ನು ಅವಚಿಕೊಂಡು ಬಿಕ್ಕಿಬಿಕ್ಕಿ ಅತ್ತೆ. ಮಂದಿ ನೋಡಾಕತ್ತಾರ, ಬಿಡು ಎಂದು ಅವಳು ಗೊಣಗಿದಳು. ಗೊಣಗಿದಳೇ ಹೊರತು ಬಿಡಿಸಿಕೊಳ್ಳಲಿಲ್ಲ.